ತಿರುಗದ ಚುಕ್ಕೆ

ಮುನಿವೆಂಕಟಮ್ಮ ಓದಿದ್ದು ಏಳನೇ ಕ್ಲಾಸು. ಅದೂ ಪೂರ್ತಿ ಅಲ್ಲ. ಪರೀಕ್ಷೆಯ ಹೊತ್ತಿಗೆ ಅವಳ ತಾಯಿಗೆ ಹನ್ನೆರಡು ವರ್ಷದ ಮೇಲೆ ಮತ್ತೊಂದು ಹೆರಿಗೆಯಾಗಿ, ಕೂಸು ನೋಡಿಕೊಳ್ಳಲು ಜನವಿಲ್ಲವೆಂದು ಸ್ಕೂಲು ಬಿಡಿಸಿದರು. ಆದರೂ ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ಸುತ್ತಮುತ್ತ ರೇಷ್ಮೆ ಹುಳ ಸಾಕುವವರ ಮನೆಗಳಲ್ಲಿ ಅವಳ ಮಾತಿಗಿದ್ದ ತೂಕ ದೊಡ್ಡ ದೊಡ್ಡ ಡಿಗ್ರಿ ಮಾಡಿಕೊಂಡವರ ಮಾತಿಗಿರಲಿಲ್ಲ. ಮೊಟ್ಟೆ ಕೊಳ್ಳಲು ಬಂದವರು ಮೊದಲು ಕೇಳುತ್ತಿದ್ದುದೇ, ಇದನ್ನು ಮುನಿವೆಂಕಟಮ್ಮ ನೋಡಿದ್ದಾಳೋ ಇಲ್ಲವೋ ಅಂತ. ನೋಡಿದ್ದಾಳೆ ಅಂದರೆ ಮುಗಿಯಿತು, ಮರುಮಾತಿಲ್ಲದೆ ಮೊಟ್ಟೆಯ ಹಾಳೆ ಸುತ್ತಿಕೊಂಡು ಹೊರಡುತ್ತಿದ್ದರು.

ಅವಳು ನೋಡುತ್ತಿದ್ದುದು ಮೊಟ್ಟೆಯನ್ನಲ್ಲ, ಮೊಟ್ಟೆಯಿಟ್ಟ ತಾಯಿಯನ್ನು. ರೇಷ್ಮೆಯಲ್ಲಿ ಗಂಟುರೋಗ ಅನ್ನುವುದೊಂದಿದೆ. ತಾಯಿ ಚಿಟ್ಟೆಯ ಮೈಯಲ್ಲಿದ್ದರೆ ಅದು ಮೊಟ್ಟೆಯೊಳಕ್ಕೇ ಇಳಿದುಬಿಡುತ್ತದೆ. ಮೊಟ್ಟೆ ನೋಡಿದರೆ ಗೊತ್ತಾಗುವುದಿಲ್ಲ, ಮರಿ ನೋಡಿದರೂ ಗೊತ್ತಾಗುವುದಿಲ್ಲ. ಹುಳ ಸೊಪ್ಪು ತಿಂದು ಬೆಳೆದು ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ತಟ್ಟೆಗೆ ತಟ್ಟೆಯೇ ಸತ್ತು ಮಲಗುತ್ತದೆ. ಅದಕ್ಕೆ ಮೊಟ್ಟೆ ಕೇಂದ್ರಗಳಲ್ಲಿ ಒಂದು ನಿಷ್ಠುರವಾದ ಕ್ರಮ. ಚಿಟ್ಟೆ ಹಾಳೆಯ ಮೇಲೆ ಮೊಟ್ಟೆಯಿಟ್ಟು ಮುಗಿಸಿದ ಮೇಲೆ ಅದನ್ನು ಪುಟ್ಟ ಒರಳಿನಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗದ ಕಣ ಕಂಡರೆ ಹಾಳೆಯನ್ನು ಸುಡುವುದು, ಕಾಣದಿದ್ದರೆ ಸೀಲು ಹೊಡೆಯುವುದು. ತಾಯಿಯನ್ನು ಅರೆದು ಮಕ್ಕಳ ಜಾತಕ ಓದುವ ಕೆಲಸ. ಗೋಪಾಲಪ್ಪನ ಮೊಟ್ಟೆ ಕೇಂದ್ರದಲ್ಲಿ ಮುನಿವೆಂಕಟಮ್ಮ ಇಪ್ಪತ್ತೆಂಟು ವರ್ಷ ಈ ಜಾತಕ ಓದಿದಳು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದಳು.

ಮೊದಮೊದಲು ಅರೆದ ಚಿಟ್ಟೆಗೆ ಬರೀ ನೀರು ಬೆರೆಸುತ್ತಿದ್ದರು. ಪೊಟ್ಯಾಷ್ ಬೆರೆಸಿದರೆ ಮಿಕ್ಕಿದ್ದೆಲ್ಲ ಕರಗಿ ರೋಗದ ಕಣವೊಂದೇ ಎದ್ದು ಕಾಣುತ್ತದೆಂದು ಇಲಾಖೆಯವರು ಎಷ್ಟು ಹೇಳಿದರೂ, ಆಗ ಕೇಂದ್ರ ನಡೆಸುತ್ತಿದ್ದ ಗೋಪಾಲಪ್ಪನ ಅಪ್ಪ ಕಿವಿಗೆ ಹಾಕಿಕೊಳ್ಳುವ ಆಸಾಮಿಯಲ್ಲ. ಹಾಗಾಗಿ ಚಿಟ್ಟೆಯ ಮೈಯೊಳಗಿನ ಸಂತೆಯೆಲ್ಲ ಮುನಿವೆಂಕಟಮ್ಮನ ಕಣ್ಣಿಗೆ ಬಿತ್ತು. ಅಡ್ಡಡ್ಡ ಗೀಟಿರುವ ನಾರುಗಳು, ಒಳಗೆಲ್ಲ ಜಿಡ್ಡು ತುಂಬಿಕೊಂಡ ಗುಂಡುಗಳು, ದಾರದ ತುಂಡಿನಂತೆ ನುಲಿಯುವಂಥವು, ಮಧ್ಯೆ ಒಂದು ಬೊಟ್ಟಿಟ್ಟುಕೊಂಡು ತೇಲುವಂಥವು. ಹೇಳಿಕೊಡುವವರಿಲ್ಲದ್ದರಿಂದ ತಾನೇ ಹೆಸರಿಟ್ಟಳು: ಗೀಟುಸೀರೆ, ಎಣ್ಣೆಬುಡ್ಡಿ, ನೂಲು, ಬೊಟ್ಟಿನಮ್ಮ. ರೋಗದ ಕಣ ಮಾತ್ರ ಅಕ್ಕಿಕಾಳಿನ ಆಕಾರ, ಒಳಗಿನಿಂದ ಹೊಳಪು, ನಿಂತಲ್ಲೇ ಒಂದು ನಡುಕ. ಅದಕ್ಕೆ ಹೆಸರಿಡಲಿಲ್ಲ, 'ಅದು' ಅನ್ನುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಹಾವನ್ನು ಹುಳ ಅನ್ನುವ ಊರಿನಲ್ಲಿ ಇದೇನು ಹೊಸತಲ್ಲ.

ಇವಕ್ಕೆಲ್ಲ ಪುಸ್ತಕದಲ್ಲಿ ಬೇರೆ ಹೆಸರುಗಳಿವೆ ಎಂದು ಗೊತ್ತಾದದ್ದು ಮಮತ ಬಂದ ಮೇಲೆ. ಮಮತ ದೊಡ್ಡಬಳ್ಳಾಪುರದಲ್ಲಿ ಬಿಎಸ್ಸಿ ಮುಗಿಸಿ ಕೇಂದ್ರದ ಎರಡನೇ ಸೂಕ್ಷ್ಮದರ್ಶಕಕ್ಕೆ ಸೇರಿದ ಹುಡುಗಿ. ಬಂದ ವಾರವೇ ಗೀಟುಸೀರೆ, ಎಣ್ಣೆಬುಡ್ಡಿ ಕೇಳಿ ನಗು ತಡೆಯಲಾರದೆ ಹೊರಗೆ ಹೋಗಿ ನಕ್ಕು ಬಂದಳು. ಆಮೇಲೆ ತನಗೇ ನಾಚಿಕೆಯಾಗಿ, ಚಿಟ್ಟೆ ಕಡಿಮೆಯಿರುವ ಚಳಿಗಾಲದ ಮಧ್ಯಾಹ್ನಗಳಲ್ಲಿ ಹಿರಿಯಳಿಗೆ ಪಾಠ ಶುರು ಮಾಡಿದಳು. ಈರುಳ್ಳಿಯ ಒಳಪೊರೆ ಸುಲಿದು ಒಂದು ಹನಿ ಟಿಂಚರ್ ಹಾಕಿ ತೋರಿಸಿದಳು. ಇಟ್ಟಿಗೆ ಗೋಡೆಯ ಹಾಗೆ ಸಾಲು ಸಾಲು. ಅಷ್ಟೂ ಜೀವಕೋಶಗಳು. ಜೀವವಿರುವುದೆಲ್ಲ ಇವುಗಳಿಂದಲೇ ಕಟ್ಟಿದ್ದು, ಆನೆಯೂ ಅಷ್ಟೆ, ಹಿಪ್ಪುನೇರಳೆ ಸೊಪ್ಪೂ ಅಷ್ಟೆ. ಆನೆಯ ಕೋಶ ದೊಡ್ಡದು, ಇರುವೆಯದು ಚಿಕ್ಕದು ಅಂತೇನಿಲ್ಲ, ಆನೆಯಲ್ಲಿ ಲೆಕ್ಕ ಜಾಸ್ತಿ. ಹಳೇ ಕೋಶ ಎರಡಾಗಿ ಒಡೆದರೇನೇ ಹೊಸ ಕೋಶ ಹುಟ್ಟುವುದು, ಶೂನ್ಯದಿಂದ ಯಾವ ಕೋಶವೂ ಬರುವುದಿಲ್ಲ.

ಇನ್ನೊಂದು ದಿನ ಮಮತ ಅವಳ ಕೈಯಿಂದಲೇ ಕೆನ್ನೆಯ ಒಳಗೋಡೆಯನ್ನು ಚಮಚದಲ್ಲಿ ಮೆಲ್ಲಗೆ ಸವರಿಸಿ, ನೀಲಿ ಇಂಕು ಹಾಕಿ ನೋಡಲು ಕೊಟ್ಟಳು. ಬಾಣಲೆಗೆ ಒಡೆದು ಹಾಕಿದ ಕೋಳಿಮೊಟ್ಟೆಯ ಹಾಗೆ ಅಂಕುಡೊಂಕಾಗಿ ಹರಡಿಕೊಂಡು, ನಡುವೆ ಒಂದು ಬೊಟ್ಟು. ಗಿಡದ ಕೋಶಕ್ಕೆ ಪೊರೆಯ ಹೊರಗೆ ಒಂದು ಗೋಡೆಯೂ ಇರುತ್ತದೆ, ಪ್ರಾಣಿಗಳದಕ್ಕೆ ಪೊರೆ ಮಾತ್ರ. ನಡುವಿನ ಬೊಟ್ಟು ಕೋಶಕೇಂದ್ರ. ಕೂದಲು ಎಂಥದು, ಮೂಗು ಎಂಥದು, ಉದ್ದ ಎಷ್ಟು, ಎಲ್ಲ ಅದರೊಳಗೇ ಬರೆದಿರುತ್ತದೆ. ತನ್ನ ಮೈಯೊಳಗೂ ಬೊಟ್ಟಿನಮ್ಮಂದಿರಿದ್ದಾರೆಂದು ಮುನಿವೆಂಕಟಮ್ಮನಿಗೆ ಮೊದಲು ನಗು ಬಂತು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ಎಲ್ಲ ಬೊಟ್ಟಿನೊಳಗೂ ಬರೆದಿರುವುದು ಒಂದೇ ಆದರೆ ಗೀಟುಸೀರೆ ಯಾಕೆ ಗೀಟುಸೀರೆಯಾಗುತ್ತದೆ, ಎಣ್ಣೆಬುಡ್ಡಿ ಯಾಕೆ ಎಣ್ಣೆಬುಡ್ಡಿಯಾಗುತ್ತದೆ?

ಮಮತ ತಡಬಡಾಯಿಸಿದಳು. ಕಾಲೇಜಿನಲ್ಲಿ ಅವಳ ಕ್ಲಾಸಿನವರು ಯಾರೂ ಇದನ್ನು ಕೇಳಿರಲಿಲ್ಲ. ಎಲ್ಲ ಕೋಶದಲ್ಲೂ ಪುಸ್ತಕ ಒಂದೇ, ಆದರೆ ಒಂದೊಂದು ಕೋಶ ತನಗೆ ಬೇಕಾದ ಪುಟ ಮಾತ್ರ ತೆಗೆದು ಓದುತ್ತದೆ ಎಂದು ಕೊನೆಗೆ ಹೇಳಿದಳು. ಎಳೆದು ಬಿಡುವುದಕ್ಕೆ ಸ್ನಾಯುಕೋಶ, ಕೂಡಿಡುವುದಕ್ಕೆ ಕೊಬ್ಬಿನ ಕೋಶ, ಸುದ್ದಿ ಮುಟ್ಟಿಸುವುದಕ್ಕೆ ಮಾರುದ್ದ ಬಾಲದ ನರಕೋಶ, ಉಸಿರು ಹೊರುವುದಕ್ಕೆ ರಕ್ತದ ಕೆಂಪುಕೋಶ. ನಮ್ಮ ರಕ್ತದ ಕೆಂಪುಕೋಶಕ್ಕಂತೂ ಬೊಟ್ಟೇ ಇಲ್ಲ, ಹೊರುವುದಕ್ಕೆ ಜಾಗ ಆಗಲಿ ಅಂತ ಅದನ್ನೂ ಬಿಸಾಕಿಕೊಂಡಿರುತ್ತದೆ. ಇನ್ನು 'ಅದು' ಇದೆಯಲ್ಲ, ಅದು ಒಂದೇ ಕೋಶದ ಜೀವ. ತಿನ್ನುವುದು, ಬೆಳೆಯುವುದು, ಹೆಚ್ಚುವುದು ಎಲ್ಲ ಆ ಒಂದರಲ್ಲೇ. ಆವತ್ತು ಸಂಜೆ ರೋಗದ ಹಾಳೆಗಳನ್ನು ಒಲೆಗೆ ಹಾಕುವಾಗ ಮುನಿವೆಂಕಟಮ್ಮ, ಪಾಪ, ಅದಕ್ಕೂ ಬದುಕಬೇಕು ಅಂತಿರುತ್ತಲ್ಲ ಅಂದಳು. ಹಾಗಂತ ಹಾಳೆ ಹಾಕುವ ಕೈ ನಿಲ್ಲಲಿಲ್ಲ.

ಅವಳ ಮನೆಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸ್ಕೂಲು ಬಿಡಿಸಿ ಅವಳ ಸೊಂಟಕ್ಕೆ ಕೂರಿಸಿದ ಕೂಸೇ ಅವಳ ತಮ್ಮ ಕಾಂತರಾಜು. ಅವಳ ತಾಯಿಯನ್ನು ಸೋದರಮಾವನಿಗೇ ಕೊಟ್ಟಿದ್ದರು. ಅವರ ಮನೆತನದಲ್ಲಿ ಅದೊಂದು ಹೆಮ್ಮೆ, ಹೆಣ್ಣು ಹೊಸ್ತಿಲು ದಾಟಿದರೂ ಅಂಗಳ ದಾಟಲಿಲ್ಲ ಅನ್ನುವುದು. ಮುನಿವೆಂಕಟಮ್ಮನಿಗೆ ಮಾತ್ರ ಸರಿಯಾದ ಮಾವಂದಿರಿಲ್ಲದೆ ಅನುಗೊಂಡನಹಳ್ಳಿಯ ಹೊರಗಿನ ಮನೆಗೆ ಕೊಟ್ಟರು. ಗಂಡ ಬೈರಣ್ಣ ಒಳ್ಳೆಯವನೇ, ಆದರೆ ಆ ಮನೆಯಲ್ಲಿ ಅವಳಿಗೆ ಬೇರು ಹಿಡಿಯಲಿಲ್ಲ. ಅವನು ತೀರಿಕೊಂಡ ಮೇಲೆ ಒಬ್ಬಳೇ ಮಗಳು ಕೈಗೂಸು ಅಕ್ಷತಳನ್ನು ಎತ್ತಿಕೊಂಡು ತವರಿಗೇ ಬಂದು ಮೊಟ್ಟೆ ಕೇಂದ್ರಕ್ಕೆ ಸೇರಿದಳು.

ಅಕ್ಷತಳಿಗೆ ಇಪ್ಪತ್ತೊಂದು ತುಂಬಿದಾಗ ನೆಲಮಂಗಲದ ಕಡೆ ಅರಿಶಿನಕುಂಟೆಯಿಂದ ಒಂದು ಸಂಬಂಧ ಬಂತು. ಹುಡುಗ ಸ್ಕೂಲು ಮೇಷ್ಟ್ರು, ಅಕ್ಷತಳಿಗೂ ಒಪ್ಪಿಗೆಯಿತ್ತು. ಮುನಿವೆಂಕಟಮ್ಮನಿಗೆ ಆ ದೂರವೇ ಒಪ್ಪಿಗೆಯಾಗಲಿಲ್ಲ. ಬಸ್ಸಿನಲ್ಲಿ ಒಂದು ಗಂಟೆಯ ದಾರಿಯನ್ನು ಅವಳು ಸಮುದ್ರದಾಚೆ ಅಂದುಕೊಂಡಳು. ತಾನು ಎತ್ತಿ ಆಡಿಸಿದ ತಮ್ಮ ಮೂವತ್ತೊಂದಾದರೂ ಮದುವೆಯಿಲ್ಲದೆ ಇದ್ದ, ದೊಡ್ಡಬಳ್ಳಾಪುರದ ಫ್ಯಾಕ್ಟರಿಯಲ್ಲಿ ಖಾಯಂ ಕೆಲಸ, ಕುಡಿತವಿಲ್ಲ. ಅವನಿಗೇ ಕೊಡುವುದೆಂದು ಹಟ ಹಿಡಿದಳು. ಮಗಳು ಅತ್ತಳು, ಮಾವನನ್ನು ಮಾವನೆಂದೇ ನೋಡಿದ್ದೇನೆ ಅಂದಳು. ಮೂರು ದಿನ ಊಟ ಬಿಟ್ಟವಳು ಮಗಳಲ್ಲ, ತಾಯಿ. ನಾಲ್ಕನೇ ದಿನ ಮಗಳು ಒಪ್ಪಿದಳು. ಮೂರು ಮನೆಯಾಚೆ ಸಂಸಾರ ಹೂಡಿದಳು, ಕೀರ್ತನ ಹುಟ್ಟಿದಳು, ಮುನಿವೆಂಕಟಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಾಯಿಯಂತೆ ಮಗಳು ನೂಲಿನಂತೆ ಸೀರೆ ಅಂತ ಊರು ಹೇಳಿತು. ಕಾಂತರಾಜು ಒಳ್ಳೆಯ ಗಂಡನೇ ಆದ, ಅದರಲ್ಲಿ ಸುಳ್ಳಿಲ್ಲ.

ಕೀರ್ತನಳಿಗೆ ಏಳು ವರ್ಷವಾದಾಗ, ಒಂದು ಬೆಳಿಗ್ಗೆ, ಮುನಿವೆಂಕಟಮ್ಮನ ಸೂಕ್ಷ್ಮದರ್ಶಕದಲ್ಲಿ ಒಂದು ಮಸುಕು ಚುಕ್ಕೆ ಕಾಣಿಸಿತು. ನಟ್ಟನಡುವೆ, ಹೊಗೆ ಕೂತ ಹಾಗೆ. ಧೂಳು ಅಂದುಕೊಂಡು ಕಣ್ಣಿಡುವ ಗಾಜನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿದಳು. ಹೋಗಲಿಲ್ಲ. ಮಮತ ಒರೆಸಿದಳು, ಆಗಲೂ ಹೋಗಲಿಲ್ಲ. ಎರಡು ತಿಂಗಳು ಅದರ ಜೊತೆಗೇ ಗುದ್ದಾಡಿ, ಮಸೂರ ಹಳತಾಗಿದೆಯೆಂದು ಗೋಪಾಲಪ್ಪನ ಹತ್ತಿರ ಜಗಳವನ್ನೂ ಆಡಿದಳು. ಗೋಪಾಲಪ್ಪ ಅಪ್ಪನ ಹಾಗಲ್ಲ, ಕೆಲಸಕ್ಕೆ ಬೇಕಾದದ್ದನ್ನು ಕೊಡುವವನು. ಮೆಕ್ಯಾನಿಕ್ಕನ್ನು ಕರೆಸುತ್ತೇನೆ ಅಂದ.

ಮೆಕ್ಯಾನಿಕ್ಕು ಬರುವ ಮುಂಚೆ ಅವಳಿಗೆ ಸೂಕ್ಷ್ಮದರ್ಶಕ ನೋಡಿಕೊಳ್ಳಲು ಇಲಾಖೆಯವರು ಹಿಂದೆ ಕೊಟ್ಟ ತರಬೇತಿಯ ಒಂದು ಮಾತು ನೆನಪಾಯಿತು. ಕೊಳೆ ಎಲ್ಲಿದೆ ಅಂತ ತಿಳಿಯಬೇಕಾದರೆ ಒಂದೊಂದನ್ನೇ ಅಲುಗಿಸಬೇಕು. ಗಾಜಿನ ಪಟ್ಟಿ ಸರಿಸಿದಾಗ ಕೊಳೆಯೂ ಸರಿದರೆ ಕೊಳೆ ಪಟ್ಟಿಯಲ್ಲಿದೆ. ಕಣ್ಣಿಡುವ ಕೊಳವೆ ತಿರುಗಿಸಿದಾಗ ಅದೂ ತಿರುಗಿದರೆ ಅಲ್ಲಿದೆ. ಕೆಳಗಿನ ಮಸೂರ ಬದಲಾಯಿಸಿದಾಗ ಮಾಯವಾದರೆ ಆ ಮಸೂರದಲ್ಲಿದೆ. ಅವಳು ಪಟ್ಟಿ ಸರಿಸಿದಳು. ಚುಕ್ಕೆ ಸರಿಯಲಿಲ್ಲ. ಕೊಳವೆ ತಿರುಗಿಸಿದಳು, ಚುಕ್ಕೆ ತಿರುಗಲಿಲ್ಲ. ಮಸೂರ ಬದಲಾಯಿಸಿದಳು. ಚುಕ್ಕೆ ಇದ್ದಲ್ಲೇ ಇತ್ತು. ತಲೆಯೆತ್ತಿ ಎದುರಿನ ಸುಣ್ಣದ ಗೋಡೆಯನ್ನು ನೋಡಿದಳು. ಗೋಡೆಯ ನಡುವೆಯೂ ಇತ್ತು.

ಸೂಕ್ಷ್ಮದರ್ಶಕಕ್ಕಿಡುವ ಬಲಗಣ್ಣನ್ನು ಮುಚ್ಚಿ, ಎಡಗಣ್ಣೊಂದನ್ನೇ ಬಿಟ್ಟು ನೋಡಿದಳು. ಅದರಲ್ಲೂ ಇತ್ತು, ಸ್ವಲ್ಪ ಸಣ್ಣದು. ಬೇರೆಯವರಾಗಿದ್ದರೆ ನಾಲ್ಕು ದಿನ ಮುಚ್ಚಿಡುತ್ತಿದ್ದರೋ ಏನೋ. ಅವಳು ಎದ್ದು ಆವತ್ತು ತಾನು ಓದಿ ಮುಗಿಸಿದ ಹತ್ತು ಪಟ್ಟಿಗಳನ್ನು ಮಮತಳ ಮುಂದಿಟ್ಟು, ಏನೂ ಹೇಳದೆ ಇನ್ನೊಮ್ಮೆ ಓದು ಅಂದಳು. ಮಮತ ಹತ್ತರಲ್ಲಿ ಮೂರನ್ನು ಪಕ್ಕಕ್ಕಿಟ್ಟಳು. ಮೂರರಲ್ಲೂ 'ಅದು' ಇತ್ತು. ಮೂರಕ್ಕೂ ಮುನಿವೆಂಕಟಮ್ಮ ಸೀಲು ಹೊಡೆದಾಗಿತ್ತು.

"ಹಾಳೆ ಇನ್ನೂ ಹೋಗಿಲ್ಲ ಅಮ್ಮೋ, ಇಲ್ಲೇ ಅವೆ. ಯಾರ್ಗೂ ಹೇಳೋದು ಬೇಡ, ನಾನೇ ಎರಡೆರಡು ಸಲ ನೋಡ್ತೀನಿ," ಅಂದಳು ಮಮತ.

"ನೀನ್ ನೋಡು. ನಾನಿನ್ನು ನೋಡಲ್ಲ," ಅಂದು ಮುನಿವೆಂಕಟಮ್ಮ ಸೂಕ್ಷ್ಮದರ್ಶಕಕ್ಕೆ ಮುಸುಕು ಹಾಕಿದಳು. ಗೋಪಾಲಪ್ಪನಿಗೆ ತಾನೇ ಹೋಗಿ ಹೇಳಿದಳು. ಅವನು, ಗೂಡು ವಿಂಗಡಿಸುವ ಕಡೆ ಕೂತುಕೋ ಕಣಮ್ಮ, ಕೆಲಸ ಬಿಡಬೇಡ ಅಂದ. ಮರ್ಯಾದೆಯಾಗಿಯೇ ಅಂದ. ಆದರೆ ಗೂಡು ವಿಂಗಡಿಸುವುದಕ್ಕೂ ಕಣ್ಣು ಬೇಕು ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಬೆಂಗಳೂರಿನ ಕಣ್ಣಾಸ್ಪತ್ರೆಗೆ ಕಾಂತರಾಜು ರಜಾ ಹಾಕಿ ಕರೆದುಕೊಂಡು ಹೋದ. ಪೊರೆ ಬಂದಿರಬಹುದು, ಕಿತ್ತು ಹಾಕಿದರೆ ಸರಿಹೋಗುತ್ತದೆ ಅಂತ ದಾರಿಯುದ್ದಕ್ಕೂ ಅಕ್ಕನಿಗೆ ಧೈರ್ಯ ಹೇಳಿದ. ಅಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕಣ್ಣಿಗೆ ಹನಿ ಹಾಕಿಸಿ, ಒಳಗಿನ ಫೋಟೋ ತೆಗೆಸಿ, ಪರದೆಯ ಮೇಲೆ ತೋರಿಸಿದರು. ಇದು ಪೊರೆಯಲ್ಲ, ಕಣ್ಣಿನ ಹಿಂಭಾಗದ ಪರದೆಯ ನಡುಭಾಗ ಸವೆಯುತ್ತಿದೆ ಅಂದರು. ಆ ಪರದೆಯಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ. ಮಬ್ಬುಗತ್ತಲಲ್ಲಿ ಕೆಲಸ ಮಾಡುವ ಕಡ್ಡಿಯಾಕಾರದವು ಸುತ್ತಲೂ ಇರುತ್ತವೆ. ಬಣ್ಣ, ಅಕ್ಷರ, ಮುಖ ಇವನ್ನೆಲ್ಲ ಹಿಡಿಯುವ ಶಂಕುವಿನಾಕಾರದವು ನಡುವೆ ಒತ್ತಾಗಿರುತ್ತವೆ. ಅವಳಲ್ಲಿ ಆ ನಡುವಿನವು ಸಾಯುತ್ತಿದ್ದವು.

ಕಾಂತರಾಜನಿಗೆ ಅರ್ಧವೂ ತಿಳಿಯಲಿಲ್ಲ. ಮುನಿವೆಂಕಟಮ್ಮನಿಗೆ ಪೂರ್ತಿ ತಿಳಿಯಿತು. ಅವಳು ಕೇಳಿದ್ದು ಒಂದೇ.

"ಕೆನ್ನೆ ಕೆರೆದ್ರೆ ಅಲ್ಲಿ ಹೊಸ ಕೋಶ ಹುಟ್ತದಲ್ಲ ತಾಯಿ. ಇವು ಹುಟ್ಟಲ್ವಾ?"

ಡಾಕ್ಟರಮ್ಮ ಬೆರಗಿನಿಂದ ಅವಳ ಮುಖ ನೋಡಿದರು. ಹೊಟ್ಟೆಯ ಒಳಪದರದ ಕೋಶ ವಾರದೊಳಗೆ ಹೊಸದಾಗುತ್ತದೆ, ಚರ್ಮದ್ದು ತಿಂಗಳಿಗೆ, ರಕ್ತದ್ದು ನಾಲ್ಕು ತಿಂಗಳಿಗೆ. ಇವು ಮಾತ್ರ ಹುಟ್ಟುವಾಗ ತಂದದ್ದೇ, ಸತ್ತರೆ ಆ ಜಾಗಕ್ಕೆ ಇನ್ನೊಂದು ಬರುವುದಿಲ್ಲ ಅಂದರು. ಔಷಧವಿಲ್ಲ. ಪೂರ್ತಿ ಕತ್ತಲೆಯಾಗುವುದಿಲ್ಲ, ಸುತ್ತಲಿನದು ಉಳಿಯುತ್ತದೆ, ನಡುವಿನದು ಹೋಗುತ್ತದೆ. ಓದುವುದು, ದಾರ ಪೋಣಿಸುವುದು, ಮುಖ ಗುರುತು ಹಿಡಿಯುವುದು ಕಷ್ಟ. ಆಮೇಲೆ ಕಾಗದದಲ್ಲಿ ಬರೆದುಕೊಳ್ಳುತ್ತಾ, ನಿಮ್ಮ ತಂದೆ ತಾಯಿ ಮದುವೆಗೆ ಮುಂಚೆಯೂ ಸಂಬಂಧಿಕರಾ ಅಂತ ಕೇಳಿದರು. ಮುನಿವೆಂಕಟಮ್ಮ ತಲೆಯೆತ್ತಿ, ಹೌದು, ಸೋದರಮಾವನಿಗೇ ಕೊಟ್ಟಿದ್ದು ಅಂದಳು. ಹೆಮ್ಮೆಯಿಂದಲೇ ಅಂದಳು. ಅಭ್ಯಾಸಬಲ.

ಡಾಕ್ಟರಮ್ಮ ಒಂದು ಹಾಳೆಯ ಮೇಲೆ ಗೆರೆ ಎಳೆದು ವಿವರಿಸಿದರು. ಪ್ರತಿ ಕೋಶದ ಬರಹವೂ ಎರಡೆರಡು ಪ್ರತಿ ಇರುತ್ತದೆ, ತಾಯಿಯದೊಂದು ತಂದೆಯದೊಂದು. ಒಂದು ಪ್ರತಿಯಲ್ಲಿ ತಪ್ಪಿದ್ದರೆ ಇನ್ನೊಂದು ನೋಡಿಕೊಂಡು ಕೆಲಸ ನಡೆಯುತ್ತದೆ, ಆ ಮನುಷ್ಯನಿಗೆ ಜೀವಮಾನವಿಡೀ ಗೊತ್ತೇ ಆಗುವುದಿಲ್ಲ. ಎರಡರಲ್ಲೂ ಅದೇ ತಪ್ಪಿದ್ದರೆ ಈ ಕಾಯಿಲೆ. ಹೊರಗಿನವರಲ್ಲಿ ಅದೇ ತಪ್ಪು ಸಿಗುವುದು ಅಪರೂಪ. ಒಂದೇ ಮನೆತನದಲ್ಲಿ ಕೊಟ್ಟು ತಂದು ಮಾಡಿದರೆ ತಪ್ಪಿಗೆ ತಪ್ಪು ಸಿಗುವುದು ಸುಲಭ. ಮೈಯ ಬೇರೆ ಕೋಶಗಳಿಗೆಲ್ಲ ಎರಡು ಪ್ರತಿ, ತಾಯಿಯ ಅಂಡಕ್ಕೆ ಮತ್ತು ತಂದೆಯ ವೀರ್ಯಾಣುವಿಗೆ ಮಾತ್ರ ಒಂದೊಂದೇ. ಮಕ್ಕಳಿದ್ದರೆ ಒಮ್ಮೆ ಕರೆದುಕೊಂಡು ಬನ್ನಿ ಅಂತ ಕೊನೆಗೆ ಸೇರಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಲೆಕ್ಕ ಹಾಕಿದಳು. ತನ್ನವು ಎರಡೂ ಕೆಟ್ಟಿವೆ, ಅಂದ ಮೇಲೆ ಅಕ್ಷತಳಿಗೆ ಹೋದದ್ದು ಕೆಟ್ಟದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೈರಣ್ಣ ಹೊರಗಿನವನು, ಅವನ ಕಡೆಯ ಪ್ರತಿ ಚೆನ್ನಾಗಿರಬೇಕು. ಮಗಳ ಕಣ್ಣಿಗೆ ಏನೂ ಆಗಲಿಕ್ಕಿಲ್ಲ. ಮಗಳನ್ನು ಅರಿಶಿನಕುಂಟೆಗೆ ಕೊಟ್ಟಿದ್ದರೆ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಪಕ್ಕದಲ್ಲಿ ತೂಕಡಿಸುತ್ತಿದ್ದ ತಮ್ಮನ ಕಡೆ ನೋಡಿದಳು. ತನ್ನ ಅಪ್ಪ ಅಮ್ಮನಿಗೇ ಹುಟ್ಟಿದವನು. ಅವನೊಳಗೆ ಯಾವ ಪ್ರತಿ ಇದೆ? ಇಪ್ಪತ್ತೆಂಟು ವರ್ಷ ಸಾವಿರಾರು ತಾಯಂದಿರ ಮೈಯನ್ನು ಅರೆದು ನೋಡಿ ಹೇಳಿದವಳಿಗೆ, ಸೊಂಟದ ಮೇಲೆ ಬೆಳೆಸಿದ ಈ ಒಬ್ಬನೊಳಗಿನದು ಗೊತ್ತಿರಲಿಲ್ಲ.

ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಸೂಕ್ಷ್ಮದರ್ಶಕದ ವಿಷಯದಲ್ಲಿ ಒಂದು ಗಳಿಗೆಯೂ ಮುಚ್ಚಿಡದವಳು ಇದನ್ನು ಮುಚ್ಚಿಟ್ಟಳು. ಇಲ್ಲದಿದ್ದರೂ ಇರಬಹುದಲ್ಲ ಅಂದುಕೊಂಡಳು. ಡಾಕ್ಟರಮ್ಮ ಕರೆತನ್ನಿ ಅಂದದ್ದು ಕಾಂತರಾಜನ ಕಿವಿಗೆ ಬಿದ್ದಿರಲಿಲ್ಲ, ಅವರು ಗೆರೆ ಎಳೆಯುವ ಹೊತ್ತಿಗೇ ಅವನು ಫೋಟೋದ ದುಡ್ಡು ಕಟ್ಟಲು ಹೊರಗೆ ಹೋಗಿದ್ದ. ಅದನ್ನೇ ದೇವರು ಕೊಟ್ಟ ಅವಕಾಶವೆಂದು ಹಿಡಿದುಕೊಂಡಳು.

ವರ್ಷ ಕಳೆಯುವುದರೊಳಗೆ ಕಣ್ಣು ಇನ್ನಷ್ಟು ಇಳಿಯಿತು. ಕೇಂದ್ರಕ್ಕೆ ಹೋಗುವುದನ್ನು ನಿಲ್ಲಿಸಿದಳು. ಯಾರ ಮುಖವನ್ನಾದರೂ ನೇರವಾಗಿ ನೋಡಿದರೆ ಮುಖ ಇರಬೇಕಾದಲ್ಲಿ ಹೊಗೆ. ಅವರ ಕಿವಿಯ ಕಡೆ ನೋಡಿದರೆ ಮೂಗು ಬಾಯಿ ಅಷ್ಟೋ ಇಷ್ಟೋ ಕಾಣುತ್ತಿತ್ತು. ಹೀಗೆ ಕತ್ತು ಓರೆ ಮಾಡಿ ಕಿವಿ ನೋಡಿಕೊಂಡು ಮಾತಾಡುವುದು ಅವಳಿಗೆ ರೂಢಿಯಾಯಿತು.

ಅದೇ ದಿನಗಳಲ್ಲಿ ಕೀರ್ತನಳ ಮೇಲೆ ಸ್ಕೂಲಿನಿಂದ ದೂರು ಬರಲು ಶುರುವಾಗಿತ್ತು. ಬೋರ್ಡಿನ ಮೇಲಿನದನ್ನು ಬರೆದುಕೊಳ್ಳುವುದಿಲ್ಲ, ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳೆ, ಮಾತಾಡಿಸಿದರೆ ಮುಖ ಕೊಟ್ಟು ಮಾತಾಡುವುದಿಲ್ಲ. ಅಕ್ಷತ ಮೊಬೈಲು ಕಿತ್ತಿಟ್ಟಳು. ಕಾಂತರಾಜು ಸೋಮಾರಿತನವೆಂದು ಗದರಿದ. ಹುಡುಗಿ ಏನೂ ಹೇಳಲಿಲ್ಲ, ತನಗೆ ಕಾಣುವುದೇ ಎಲ್ಲರಿಗೂ ಕಾಣುವುದು ಅಂದುಕೊಂಡಿದ್ದಳು.

ಒಂದು ಭಾನುವಾರ ಅಜ್ಜಿ ಮೊಮ್ಮಗಳು ಎದುರುಬದುರು ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕೀರ್ತನ ಯಾವುದೋ ಸ್ಕೂಲಿನ ಕಥೆ ಹೇಳುತ್ತಿದ್ದಳು. ಮುನಿವೆಂಕಟಮ್ಮ ಮೊಮ್ಮಗಳ ಮುಖ ಕಾಣಲೆಂದು ಕತ್ತು ಓರೆ ಮಾಡಿ ಅವಳ ಕಿವಿಯ ಕಡೆ ನೋಡಿದಳು. ಕೆನ್ನೆ ಕಂಡಿತು, ಆಮೇಲೆ ಕಣ್ಣು ಕಂಡಿತು. ಆ ಕಣ್ಣು ಅಜ್ಜಿಯ ಮುಖವನ್ನು ನೋಡುತ್ತಿರಲಿಲ್ಲ. ಹುಡುಗಿ ತನ್ನಷ್ಟಕ್ಕೆ ಕತ್ತು ಓರೆ ಮಾಡಿಕೊಂಡು ಅಜ್ಜಿಯ ಕಿವಿಯನ್ನು ನೋಡುತ್ತಿದ್ದಳು.

ಮುನಿವೆಂಕಟಮ್ಮನ ಕೈಯಿಂದ ಕಾಯಿ ಜಾರಿತು. ಕೀರ್ತನ, ಯಾಕಜ್ಜಿ ಅಂತ ಕೇಳಿದಳು. ಏನಿಲ್ಲ ಮಗ, ಬಿಡಿಸು ಅಂದಳು ಅಜ್ಜಿ.

ಎಂಟು ದಿನ ಅವಳು ಆ ಮಾತನ್ನು ನುಂಗಿಕೊಂಡು ಓಡಾಡಿದಳು. ಒಂಬತ್ತನೇ ದಿನ ಮಗಳ ಮನೆಗೆ ಹೋಗಿ, ಹೊಸ್ತಿಲ ಒಳಗೆ ನಿಂತುಕೊಂಡೇ ಹೇಳಿದಳು. ಆಸ್ಪತ್ರೆಯಲ್ಲಿ ಕೇಳಿದ್ದನ್ನೂ ಹೇಳಿದಳು, ವರ್ಷದಿಂದ ಮುಚ್ಚಿಟ್ಟದ್ದನ್ನೂ ಹೇಳಿದಳು. ಅಕ್ಷತ ಒಗೆದ ಬಟ್ಟೆ ಮಡಿಸುತ್ತಿದ್ದಳು. ಕೇಳುತ್ತಾ ಕೇಳುತ್ತಾ ಒಂದೇ ಲಂಗವನ್ನು ಮೂರು ಸಲ ಬಿಚ್ಚಿ ಮಡಿಸಿದಳು.

ಡಾಕ್ಟರಮ್ಮನ ಕೋಣೆಯಲ್ಲಿ ಈ ಸಲ ನಾಲ್ಕು ಜನ. ಕೀರ್ತನಳ ಕಣ್ಣಿಗೂ ಹನಿ ಹಾಕಿದರು, ಅವಳ ಫೋಟೋವನ್ನೂ ಪರದೆಗೆ ತಂದರು. ಮುನಿವೆಂಕಟಮ್ಮನಿಗೆ ಆ ಪರದೆ ಬರೀ ಬೆಳಕಾಗಿ ಕಾಣುತ್ತಿತ್ತು. ಅಜ್ಜಿಯದೇ ಕಾಯಿಲೆ ಅಂದರು ಡಾಕ್ಟರಮ್ಮ. ಒಬ್ಬೊಬ್ಬರಲ್ಲಿ ಒಂದೊಂದು ವಯಸ್ಸಿಗೆ ಶುರುವಾಗುತ್ತದೆ, ಚಿಕ್ಕವರಲ್ಲಿ ಶುರುವಾದರೆ ಬೇಗ ಹೆಚ್ಚುತ್ತದೆ. ಸ್ಕೂಲಿನಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿ, ದೊಡ್ಡ ಅಕ್ಷರದ ಪುಸ್ತಕ ಕೊಡಿಸಿ, ಬಿಸಿಲಿಗೆ ಕನ್ನಡಕ ಹಾಕಿ ಅಂದರು. ಕಾಂತರಾಜು ತನ್ನ ಕಣ್ಣು ತೆಗೆದು ಕೊಟ್ಟರೆ ಆಗುತ್ತದಾ ಅಂತ ಕೇಳಿದ. ಆ ಪರದೆಯನ್ನು ಒಬ್ಬರಿಂದ ಒಬ್ಬರಿಗೆ ಹಾಕಲು ಬರುವುದಿಲ್ಲ ಅಂದರು. ಸಂಶೋಧನೆ ನಡೆಯುತ್ತಿದೆ ಎಂದೂ ಹೇಳಿದರು. ಯಾವಾಗ ಅಂತ ಅವನು ಕೇಳಿದ್ದಕ್ಕೆ, ವರ್ಷಕ್ಕೊಮ್ಮೆ ತೋರಿಸುತ್ತಿರಿ ಅಂತ ಬರೆದುಕೊಟ್ಟರು.

ಬಸ್ಸಿನಲ್ಲಿ ಕೀರ್ತನ ಅಪ್ಪನ ತೊಡೆಯ ಮೇಲೆ ನಿದ್ದೆಹೋದಳು. ಕಾಂತರಾಜು ಅಕ್ಕನ ಕಡೆ ತಿರುಗಲಿಲ್ಲ. ಅವನಿಗೆ ಅಕ್ಕನ ಮೇಲಲ್ಲ, ತನ್ನ ಮೇಲೆಯೇ ಅಸಹ್ಯವಾಗಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಮನುಷ್ಯ ಅವನಲ್ಲ.

ಮಾರನೆಯ ದಿನ ಮಧ್ಯಾಹ್ನ ಮುನಿವೆಂಕಟಮ್ಮ ಮಗಳ ಮನೆಗೆ ಹೋದಳು. ಅಕ್ಷತ ಮುದ್ದೆ ಸಾರು ಬಡಿಸಿ ಎದುರಿಗೆ ಕೂತಳು. ಉಂಡು ಕೈ ತೊಳೆದ ಮೇಲೆ ಮುನಿವೆಂಕಟಮ್ಮ, ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಆಡಿದಳು.

"ಬಯ್ಯೋದಾದ್ರೆ ಬಯ್ದುಬಿಡು ಮಗ. ನೀನು ಒಲ್ಲೆ ಅಂದಿದ್ದೆ. ಊಟ ಬಿಟ್ಟು ಕೂತೋಳು ನಾನು."

"ಬಯ್ಯೋಕೆ ಏನೈತಮ್ಮ. ನಿಂಗೇನು ಗೊತ್ತಿತ್ತಾ," ಅಂದಳು ಅಕ್ಷತ. ತಟ್ಟೆ ಎತ್ತಿಟ್ಟು, ಧ್ವನಿ ಏರಿಸದೆ, "ಅಮ್ಮ, ನೀನು ಸ್ವಲ್ಪ ದಿನ ಇಲ್ಲಿಗೆ ಬರ್ಬೇಡ," ಅಂದಳು.

ಮುನಿವೆಂಕಟಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಕೋಪ ಅಲ್ಲ ಕಣಮ್ಮ. ತಟ್ಟೇಲಿ ಸಾರು ಎಲ್ಲೈತೆ ಅಂತ ನೀನು ಬೆರಳಲ್ಲಿ ಹುಡುಕ್ತೀಯಲ್ಲ, ಆಗ ನಂಗೆ ನೀನು ಕಾಣಲ್ಲ, ಕೀರ್ತನ ಕಾಣ್ತಾಳೆ. ಅವ್ಳಿಗಿನ್ನೂ ಎಂಟು ವರ್ಷ. ಅದನ್ನ ದಿನಾ ಈಗ್ಲೇ ಕೂತು ನೋಡೋಕೆ ನನ್ ಕೈಲಿ ಆಗಲ್ಲ."

ಮುನಿವೆಂಕಟಮ್ಮ ಮಗಳ ಮುಖದ ಕಡೆ ಓರೆಯಾಗಿ ನೋಡಲು ಹೋಗಿ, ಅದೂ ಅವಳಿಗೆ ನೋವಾಗಬಹುದೆಂದು ನೆನಪಾಗಿ, ತಲೆ ತಗ್ಗಿಸಿದಳು. ಆಯ್ತು ಅಂದಳು. ಎದ್ದು ಹೊರಗೆ ಬಂದಳು. ಮೂರು ಮನೆಯ ದಾರಿ, ಕಣ್ಣು ಮುಚ್ಚಿಕೊಂಡು ಹೋಗಬಹುದಾದದ್ದು. ಆ ಮೂರು ಮನೆ ದೂರಕ್ಕಾಗಿಯೇ ಅವಳು ಮೂರು ದಿನ ಉಪವಾಸ ಬಿದ್ದಿದ್ದಳು.

ನಾಲ್ಕು ಗಂಟೆಗೆ ಸ್ಕೂಲು ವ್ಯಾನು ಬಂದು ನಿಂತದ್ದು ಕೇಳಿಸಿತು. ಕೀರ್ತನ ಎಂದಿನ ಹಾಗೆ ಬ್ಯಾಗಿನ ಸಮೇತ ಅಜ್ಜಿ ಮನೆಯ ಕಡೆಗೇ ಓಡಿಬರುತ್ತಿದ್ದಳು, ಚಪ್ಪಲಿಯ ಸದ್ದು ಹತ್ತಿರವಾಯಿತು. ಹಿಂದಿನಿಂದ ಅಕ್ಷತ ಕೂಗಿ ಕರೆದಳು. ಸದ್ದು ನಿಂತಿತು, ಆದರೆ ಹಿಂದಿರುಗಲಿಲ್ಲ. ಮುನಿವೆಂಕಟಮ್ಮ ಎದ್ದು ಹೋಗಿ ಬಾಗಿಲು ಹಾಕಿಕೊಂಡಳು.